ಹತಾರ ಯಾರ ಸ್ವತ್ತು?

1883ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಇಪ್ಪತ್ತಾರು ವರ್ಷದ ಸೇನಾ ವೈದ್ಯನೊಬ್ಬ ವರ್ಗವಾಗಿ ಬಂದ. ಹೆಸರು ರೊನಾಲ್ಡ್ ರಾಸ್. ಅವನಿಗೆ ಸಿಕ್ಕ ಬಂಗಲೆ ಚೆನ್ನಾಗಿಯೇ ಇತ್ತು. ಸೊಳ್ಳೆಯ ಕಾಟ ಮಾತ್ರ ವಿಪರೀತ. ಕಿಟಕಿಯ ಹೊರಗೆ ನೀರು ತುಂಬಿದ ತೊಟ್ಟಿಯೊಂದಿತ್ತು. ಬಗ್ಗಿ ನೋಡಿದರೆ ಅದರೊಳಗೆ ಹುಳುಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಉರುಳಿಸಿ ಖಾಲಿ ಮಾಡಿದ ಮೇಲೆ ಸೊಳ್ಳೆ ಕಡಿಮೆಯಾಯಿತು. ಅಧಿಕಾರಿಗಳ ಭೋಜನಶಾಲೆಯಲ್ಲೂ ಹೀಗೇ ಮಾಡಬಹುದೆಂದು ರಾಸ್ ಸೂಚಿಸಿದಾಗ ಅಲ್ಲಿನ ಅಧಿಕಾರಿ ನಕ್ಕುಬಿಟ್ಟ. ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಅದನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಅವನ ವಾದ. ಈ ಪ್ರಸಂಗವನ್ನು ರಾಸ್ ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ.

1895ರಲ್ಲಿ ಕಾಲರಾ ಹತೋಟಿಯ ಕೆಲಸಕ್ಕಾಗಿ ರಾಸ್ ಮತ್ತೆ ಬೆಂಗಳೂರಿಗೆ ಬಂದ. ಆ ವೇಳೆಗೆ ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟಿನ ಹುಚ್ಚು ಅವನಿಗೆ ಹಿಡಿದಿತ್ತು. 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಅವನು ಕಂಡ. ಅದಕ್ಕಾಗಿ 1902ರಲ್ಲಿ ನೊಬೆಲ್ ಬಹುಮಾನ ಬಂತು. ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಇಲ್ಲದಿರುವುದು ಇನ್ನೊಂದು ಸಂಗತಿ: ಆ ದಿನಗಳಲ್ಲಿ ಅವನ ಸೂಕ್ಷ್ಮದರ್ಶಕದ ತಿರುಪುಗಳು ಹಣೆಯ ಮತ್ತು ಕೈಯ ಬೆವರಿಗೆ ತುಕ್ಕು ಹಿಡಿದಿದ್ದವು, ಉಳಿದಿದ್ದ ಒಂದೇ ಒಂದು ಕಣ್ಣುಮಸೂರವೂ ಬಿರುಕು ಬಿಟ್ಟಿತ್ತು. ಆ ಬಿರುಕು ಇನ್ನಷ್ಟು ದೊಡ್ಡದಾಗಿದ್ದರೆ? ಅಂಥ ಊರಿನಲ್ಲಿ, ಅಂಥ ಕಾಲದಲ್ಲಿ ಇನ್ನೊಂದು ಮಸೂರ ತರಿಸಲು ಎಷ್ಟು ತಿಂಗಳು ಕಾಯಬೇಕಿತ್ತು?

ವಿಜ್ಞಾನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಂಶೋಧನೆಗಳ ಚರಿತ್ರೆಯಾಗಿ ಓದುತ್ತೇವೆ. ಯಾರು, ಏನನ್ನು, ಯಾವಾಗ ಕಂಡರು ಎಂಬುದು ನಮಗೆ ಮುಖ್ಯ. ಯಾವುದರ ಮೂಲಕ ಕಂಡರು, ಆ ಹತಾರ ಯಾರು ಮಾಡಿದ್ದು, ಅದು ಮುಂದೆ ಯಾರ ಕೈಗೆ ಎಷ್ಟು ಬೆಲೆಗೆ ಸಿಕ್ಕಿತು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಬಡಗಿಯ ಮಗ್ಗುಲಲ್ಲಿ ಉಳಿ, ಬಾಚಿ ಇರುವಂತೆ ಜೀವವಿಜ್ಞಾನಿಯ ಮೇಜಿನ ಮೇಲೂ ಹತಾರಗಳಿವೆ. ಈಗ ಅವು ಹಿತ್ತಾಳೆ, ಗಾಜಿನವು ಮಾತ್ರವಲ್ಲ. ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಕಿಣ್ವ ಒಂದು ಹತಾರ. ಬೇಕಾದ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಕ್ಕೆ ಹೊತ್ತೊಯ್ಯುವ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಇನ್ನೊಂದು. ಒಂದೇ ಗುರಿಗೆ ಅಂಟಿಕೊಳ್ಳುವ ಪ್ರತಿಕಾಯ, ಸೀಸೆಯಲ್ಲಿ ಬೆಳೆಯುತ್ತಲೇ ಇರುವ ಜೀವಕೋಶಗಳ ತಳಿ, ಗಣಕದ ಕ್ರಮವಿಧಿ, ಕೊನೆಗೆ ಕಾಗದದ ಮೇಲೆ ಬರೆದ ಒಂದು ನಕ್ಷೆ, ಇವೂ ಹತಾರಗಳೇ. ಇವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಕಾರ್ಖಾನೆಗಳಲ್ಲಲ್ಲ, ವಿಶ್ವವಿದ್ಯಾನಿಲಯಗಳಲ್ಲಿ. ಯಾರೋ ಒಬ್ಬ ಸಂಶೋಧಕ ತನ್ನ ಕೆಲಸಕ್ಕೆ ಮಾಡಿಕೊಂಡದ್ದು ಪಕ್ಕದ ಕೋಣೆಯವನಿಗೆ ಬೇಕಾಗುತ್ತದೆ, ಆಮೇಲೆ ಪಕ್ಕದ ದೇಶದವನಿಗೆ ಬೇಕಾಗುತ್ತದೆ. ಆಗ ಏಳುವ ಪ್ರಶ್ನೆ: ಈ ಹತಾರ ಯಾರ ಸ್ವತ್ತು?

ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿನವರು ದೂರ ಹೋಗಬೇಕಾಗಿಲ್ಲ. ಜಗತ್ತಿನ ಜೀವವಿಜ್ಞಾನ ಪ್ರಯೋಗಾಲಯಗಳೆಲ್ಲ ಬಳಸುವ ಒಂದು ಹತಾರದ ಕಥೆ ನಮ್ಮ ಊರಿನಲ್ಲಿ ಆರಂಭವಾಗಿ, ಮದ್ರಾಸಿನಲ್ಲಿ ರೂಪ ಪಡೆದು, ಮತ್ತೆ ನಮ್ಮ ಊರಿಗೇ ಮರಳಿತು.

ರೈಲಿನ ದಾರಿ

ಮದ್ರಾಸಿನ ಕಡೆಯಿಂದ ರೈಲು ಬೆಂಗಳೂರಿಗೆ ಬಂದದ್ದು 1864ರಲ್ಲಿ. ಅಂದು ಅದರ ಕೊನೆಯ ನಿಲ್ದಾಣ ದಂಡು. ಇಂದಿಗೂ ಆ ದಿಕ್ಕಿನಿಂದ ಬರುವವರಿಗೆ ವೈಟ್‌ಫೀಲ್ಡ್, ಕೃಷ್ಣರಾಜಪುರ, ಬೈಯಪ್ಪನಹಳ್ಳಿ ದಾಟಿದ ಮೇಲೆಯೇ ದಂಡು ನಿಲ್ದಾಣ ಸಿಗುವುದು. ಬೆಂಗಳೂರಿನ ವಿಜ್ಞಾನಕ್ಕೂ ಮದ್ರಾಸಿನ ವಿಜ್ಞಾನಕ್ಕೂ ಇದ್ದ ಕೊಡುಕೊಳ್ಳುವಿಕೆ ಬಹಳ ಕಾಲ ಈ ಹಳಿಗಳ ಮೇಲೆಯೇ ನಡೆಯಿತು.

1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದರು. 1942ರಲ್ಲಿ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಓದು ಮುಗಿಸಿದ ತರುಣನೊಬ್ಬ ಅಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಸೇರಿದ. ಜಿ. ಎನ್. ರಾಮಚಂದ್ರನ್, ಎರ್ನಾಕುಲಂನವರು. ತಂದೆಗೆ ಮಗ ರೈಲ್ವೆ ಎಂಜಿನಿಯರ್ ಆಗಲೆಂಬ ಆಸೆಯಿತ್ತು. ಮಗ ಬೇಕೆಂದೇ ಆ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆಂದು ಹೇಳುತ್ತಾರೆ. ಸಂಸ್ಥೆಯಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸರ್ ಸಿ. ವಿ. ರಾಮನ್ ಈ ಹುಡುಗನನ್ನು ಗುರುತಿಸಿ ತಮ್ಮ ವಿಭಾಗಕ್ಕೆ ಎಳೆದುಕೊಂಡರು. ನಿಮ್ಮ ವಿಭಾಗಕ್ಕೆ ಇವನ ಬುದ್ಧಿ ಸ್ವಲ್ಪ ಹೆಚ್ಚಾಯಿತು ಎಂದು ವಿದ್ಯುತ್ ವಿಭಾಗದವರಿಗೆ ಅವರು ಹೇಳಿದ ಮಾತು ಸಂಸ್ಥೆಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ರಾಮಚಂದ್ರನ್ ಬೆಂಗಳೂರಿನಲ್ಲಿ ಸ್ಫಟಿಕಗಳ ಅಧ್ಯಯನ ಕಲಿತರು. ಕೇಂಬ್ರಿಜ್‌ಗೆ ಹೋಗಿ ಎರಡು ವರ್ಷ ದುಡಿದು ಬಂದರು. 1952ರಲ್ಲಿ, ಮೂವತ್ತು ತುಂಬುವ ಮೊದಲೇ, ಮದ್ರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಹೊಸ ವಿಭಾಗ, ಮೊದಲಿಗೆ ಯಾವ ಸಮಸ್ಯೆಯನ್ನು ಕೈಗೆತ್ತಿಕೊಳ್ಳುವುದು ಎಂಬ ಯೋಚನೆ ಇತ್ತು. ಆಗ ಅಲ್ಲಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಲ್ ಅವರೊಡನೆ ನಡೆದ ಮಾತುಕತೆಯಲ್ಲಿ ಕೊಲಾಜನ್‌ನ ಹೆಸರು ಬಂತು.

ಕೊಲಾಜನ್ ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಲ್ಲಿ ಹೇರಳವಾಗಿರುವ ಪ್ರೋಟೀನು. ಅದರ ಅಣುವಿನ ರಚನೆ ಆಗ ಯಾರಿಗೂ ಗೊತ್ತಿರಲಿಲ್ಲ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಕಾಂಗರೂ ಬಾಲದ ಸ್ನಾಯುರಜ್ಜುವಿನ ಕ್ಷಕಿರಣ ಚಿತ್ರಗಳನ್ನು ತೆಗೆದರು. ಮೂರು ಎಳೆಗಳು ಹುರಿಗೊಂಡ ಹಗ್ಗದಂತೆ ಕೊಲಾಜನ್ ಇರಬೇಕೆಂದು 1954 ಮತ್ತು 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಒಂದು ಟೀಕೆಯ ಫಲ

ಟೀಕೆ ತಡವಾಗಲಿಲ್ಲ. ಡಿಎನ್‌ಎ ರಚನೆಯಿಂದ ಆಗಷ್ಟೇ ಪ್ರಖ್ಯಾತರಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಜೊತೆಗೂಡಿ ಆಕ್ಷೇಪವೆತ್ತಿದರು. ಮೂರೆಳೆಯ ಕಲ್ಪನೆ ಸರಿ, ಆದರೆ ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಸಹಜವಾಗಿ ಬರಲಾರದಷ್ಟು ಹತ್ತಿರ ಬಂದಿವೆ ಎಂಬುದು ಅವರ ಮಾತು. ತಮ್ಮದೇ ತಿದ್ದುಪಡಿಯ ಮಾದರಿಯನ್ನೂ ಅವರು ಮುಂದಿಟ್ಟರು.

ಇಂಥ ಸಂದರ್ಭದಲ್ಲಿ ಮನುಷ್ಯರು ಎರಡು ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಒಂದು, ಸಿಟ್ಟಾಗಿ ಪತ್ರ ಬರೆಯುವುದು. ಇನ್ನೊಂದು, ಎದುರಾಳಿಯ ಮಾತಿನಲ್ಲೇ ಹೊಸ ಪ್ರಶ್ನೆಯನ್ನು ಹುಡುಕುವುದು. ರಾಮಚಂದ್ರನ್ ಹಿಡಿದದ್ದು ಎರಡನೆಯ ದಾರಿ. ಪರಮಾಣುಗಳು ಅತಿ ಹತ್ತಿರ ಬಂದಿವೆ ಎನ್ನುತ್ತೀರಿ. ಸರಿ, ಎಷ್ಟು ಹತ್ತಿರವಾದರೆ ಅತಿ ಹತ್ತಿರ? ಈ ಪ್ರಶ್ನೆಗೆ ಖಚಿತ ಉತ್ತರ ಅಲ್ಲಿಯವರೆಗೆ ಯಾರ ಬಳಿಯೂ ಇರಲಿಲ್ಲ. ರಾಮಚಂದ್ರನ್, ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್, ಅದುವರೆಗೆ ಪ್ರಕಟವಾಗಿದ್ದ ಸಣ್ಣ ಅಣುಗಳ ಸ್ಫಟಿಕ ರಚನೆಗಳನ್ನು ಜಾಲಾಡಿ, ಇಂಗಾಲ ಮತ್ತು ಇಂಗಾಲದ ನಡುವೆ, ಇಂಗಾಲ ಮತ್ತು ಆಮ್ಲಜನಕದ ನಡುವೆ, ಹೀಗೆ ಪ್ರತಿಯೊಂದು ಜೋಡಿಗೂ ಕನಿಷ್ಠ ಎಷ್ಟು ಅಂತರ ಇರಲೇಬೇಕೆಂದು ಪಟ್ಟಿ ಮಾಡಿದರು.

ಮುಂದಿನ ಹೆಜ್ಜೆಯನ್ನು ಅರಿಯಲು ಓದುಗರು ಒಂದು ಕಟ್ಟು ಇಸ್ಪೀಟು ಎಲೆಗಳನ್ನು ಊಹಿಸಿಕೊಳ್ಳಬಹುದು. ಒಂದು ಎಲೆಯ ಮೂಲೆಯನ್ನು ಇನ್ನೊಂದರ ಮೂಲೆಗೆ ದಾರದಿಂದ ಕಟ್ಟುತ್ತ ಹೋದರೆ ಉದ್ದದ ಸರವಾಗುತ್ತದೆ. ಪ್ರತಿಯೊಂದು ಎಲೆಯೂ ಚಪ್ಪಟೆ, ಬಾಗದು; ಆದರೆ ಗಂಟಿನ ಬಳಿ ಎಲೆ ತಿರುಗಬಲ್ಲದು. ಪ್ರೋಟೀನು ಸರಿಸುಮಾರು ಹೀಗೆಯೇ. ಅಮೈನೋ ಆಮ್ಲಗಳನ್ನು ಜೋಡಿಸುವ ಭಾಗ ಚಪ್ಪಟೆಯಾದ ಎಲೆ. ಎರಡು ಎಲೆಗಳು ಸೇರುವ ಗಂಟಿನಲ್ಲಿ ಒಂದು ಇಂಗಾಲದ ಪರಮಾಣು. ಅದರ ಎಡಬದಿಯ ತಿರುವಿಗೆ ‘ಫೈ’ ಎಂದೂ ಬಲಬದಿಯ ತಿರುವಿಗೆ ‘ಸೈ’ ಎಂದೂ ಗ್ರೀಕ್ ಅಕ್ಷರಗಳ ಹೆಸರು. ಸಾವಿರಾರು ಪರಮಾಣುಗಳ ಜಟಿಲ ಅಣುವಿನ ಬೆನ್ನೆಲುಬಿನ ಆಕಾರ, ಹೀಗೆ ನೋಡಿದರೆ, ಪ್ರತಿ ಗಂಟಿಗೂ ಎರಡೇ ಕೋನಗಳ ಲೆಕ್ಕಕ್ಕೆ ಇಳಿಯುತ್ತದೆ.

ಎರಡು ಕೋನಗಳೆಂದರೆ ಒಂದು ಚೌಕ ಕಾಗದ ಸಾಕು. ಅಡ್ಡಕ್ಕೆ ಫೈ, ಉದ್ದಕ್ಕೆ ಸೈ. ಪ್ರತಿಯೊಂದು ಜೋಡಿ ಕೋನಕ್ಕೂ ಪರಮಾಣುಗಳ ಅಂತರ ಎಣಿಸುತ್ತ ಹೋಗಬೇಕು. ಯಾವ ಜೋಡಿ ಪರಮಾಣುವೂ ಪಟ್ಟಿಯ ಮಿತಿ ಮೀರಿ ಡಿಕ್ಕಿ ಹೊಡೆಯದಿದ್ದರೆ ಆ ಜಾಗ ಸಮ್ಮತ, ಹೊಡೆದರೆ ನಿಷಿದ್ಧ. ಇಂದಿನ ಗಣಕಕ್ಕೆ ಇದು ಕಣ್ಣು ಮಿಟುಕಿಸುವ ಕೆಲಸ. ಅವರ ಬಳಿ ಇದ್ದದ್ದು ಮೇಜಿನ ಮೇಲಿಡುವ ಲೆಕ್ಕದ ಯಂತ್ರ. ಕೂಡಿ, ಕಳೆದು, ಗುಣಿಸಿ ನಕ್ಷೆ ಮುಗಿದಾಗ ಅದರ ಸುಮಾರು ಮುಕ್ಕಾಲು ಭಾಗ ನಿಷಿದ್ಧವೆಂದು ತಿಳಿಯಿತು. ಉಳಿದ ಕೆಲವೇ ದ್ವೀಪಗಳಲ್ಲಿ ಪ್ರೋಟೀನು ವಾಸ ಮಾಡಬೇಕು. ಲೈನಸ್ ಪಾಲಿಂಗ್ 1951ರಲ್ಲಿ ವಿವರಿಸಿದ್ದ ಆಲ್ಫಾ ಸುರುಳಿ ಒಂದು ದ್ವೀಪದಲ್ಲಿ ಸಿಕ್ಕಿತು. ಬೀಟಾ ಹಾಳೆ ಇನ್ನೊಂದರಲ್ಲಿ. ಕೊಲಾಜನ್ ಆ ಎರಡನೆಯದರ ನೆರೆಯಲ್ಲೇ. 1963ರಲ್ಲಿ ಮೂವರ ಹೆಸರಿನಲ್ಲಿ ಐದು ಪುಟದ ಪ್ರಬಂಧವೊಂದು ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಅಚ್ಚಾಯಿತು. ಅದೇ ರಾಮಚಂದ್ರನ್ ನಕ್ಷೆ.

ನಕ್ಷೆ ಮಾಡುವ ಕೆಲಸ

ಆ ಹೊತ್ತಿಗೆ ಪೂರ್ಣ ರಚನೆ ಗೊತ್ತಿದ್ದ ಪ್ರೋಟೀನುಗಳು ಬೆರಳೆಣಿಕೆಗೂ ಕಡಿಮೆ. ನಕ್ಷೆ ಒಂದು ಭವಿಷ್ಯವಾಣಿಯಂತಿತ್ತು. ಮುಂದೆ ಒಂದೊಂದಾಗಿ ಹೊಸ ರಚನೆಗಳು ಹೊರಬಂದಂತೆ ಅವುಗಳ ಕೋನಗಳು ಬಹುಮಟ್ಟಿಗೆ ಮದ್ರಾಸಿನ ದ್ವೀಪಗಳ ಮೇಲೆಯೇ ಬಂದು ಕುಳಿತವು. ಪಕ್ಕದ ಸರಪಳಿಯೇ ಇಲ್ಲದ ಗ್ಲೈಸೀನ್ ಎಂಬ ಪುಟ್ಟ ಅಮೈನೋ ಆಮ್ಲ ಮಾತ್ರ ಬೇರೆಯವು ಹೋಗಲಾರದ ಕಡೆಗೂ ಹೋಗುತ್ತದೆ. ಅದನ್ನೂ ಲೆಕ್ಕ ಮೊದಲೇ ಹೇಳಿತ್ತು.

ಇಂದು ಈ ನಕ್ಷೆಯ ಉಪಯೋಗ ಅಕ್ಕಸಾಲಿಗನ ಒರೆಗಲ್ಲಿನದು. ಪ್ರೋಟೀನಿನ ರಚನೆಯೆಂದರೆ ಯಾರೂ ಬರಿಗಣ್ಣಿನಿಂದ ಕಂಡದ್ದಲ್ಲ. ಕ್ಷಕಿರಣಗಳ ಚುಕ್ಕೆಗಳಿಂದಲೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಸುಕು ಚಿತ್ರಗಳಿಂದಲೋ ಲೆಕ್ಕ ಹಾಕಿ ಕಟ್ಟಿದ್ದು. ಕಟ್ಟುವಾಗ ತಪ್ಪಾಗುವುದು ಸಹಜ. ವಿದ್ಯಾರ್ಥಿಯೊಬ್ಬಳು ತಿಂಗಳುಗಟ್ಟಲೆ ದುಡಿದು ಒಂದು ರಚನೆ ಮುಗಿಸಿದಳೆನ್ನಿ. ಅದರ ಪ್ರತಿಯೊಂದು ಗಂಟಿನ ಎರಡು ಕೋನಗಳನ್ನು ನಕ್ಷೆಯ ಮೇಲೆ ಚುಕ್ಕೆಯಾಗಿ ಇಡುತ್ತಾಳೆ. ಚುಕ್ಕೆಗಳು ದ್ವೀಪಗಳೊಳಗೆ ಬಿದ್ದರೆ ನೆಮ್ಮದಿ. ಹಲವು ಚುಕ್ಕೆ ನಿಷಿದ್ಧ ಕಡಲಿಗೆ ಬಿದ್ದರೆ ಎಲ್ಲೋ ಎಡವಟ್ಟಾಗಿದೆ. ಮತ್ತೆ ಮೊದಲಿನಿಂದ ನೋಡಬೇಕು. ಒಂದೋ ಎರಡೋ ಚುಕ್ಕೆ ಹೊರಗೆ ಬಿದ್ದು, ಮತ್ತೆ ಮತ್ತೆ ನೋಡಿದರೂ ಅಲ್ಲೇ ನಿಂತರೆ ಅದು ಆ ಪ್ರೋಟೀನಿನ ವಿಶೇಷ ಸ್ಥಳವಿರಬಹುದು. ಕೆಲಸವೇ ಅಲ್ಲಿ ನಡೆಯುತ್ತಿರಬಹುದು. ಜಗತ್ತಿನ ಪ್ರೋಟೀನು ರಚನೆಗಳ ಭಂಡಾರ 1971ರಲ್ಲಿ ಏಳೇ ರಚನೆಗಳೊಂದಿಗೆ ಶುರುವಾಯಿತು; ಈಗ ಅಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಇವೆ. ಅಲ್ಲಿಗೆ ಸಲ್ಲಿಸಿದ ರಚನೆಗಳ ಪರಿಶೀಲನಾ ವರದಿಯಲ್ಲಿ ಈ ನಕ್ಷೆಯ ತೀರ್ಪೂ ಇರುತ್ತದೆ. ಅಮೈನೋ ಆಮ್ಲಗಳ ಸಾಲನ್ನು ಓದಿಯೇ ಪ್ರೋಟೀನಿನ ಆಕಾರ ಊಹಿಸುವ ಗಣಕ ವಿಧಾನಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಂದಿತು. ಆ ಊಹೆಗಳನ್ನು ಪರಿಶೀಲಿಸುವವರೂ ಕೈಗೆತ್ತಿಕೊಳ್ಳುವ ಒರೆಗಲ್ಲುಗಳಲ್ಲಿ 1963ರ ಈ ಕಲ್ಲೂ ಒಂದು.

ತಪ್ಪು ಹತಾರ ಏನು ಮಾಡಬಲ್ಲದೆಂಬುದಕ್ಕೂ ಉದಾಹರಣೆಯುಂಟು. ಅಮೆರಿಕದ ಪ್ರಯೋಗಾಲಯವೊಂದು ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳ ರಚನೆಗಳನ್ನು ಪ್ರಕಟಿಸಿ ಹೆಸರು ಮಾಡಿತ್ತು. ಇನ್ನೊಬ್ಬರ ಪ್ರಯೋಗಾಲಯದಿಂದ ಬಂದ ಖಾಸಗಿ ಕ್ರಮವಿಧಿಯೊಂದನ್ನು ಅಲ್ಲಿ ಬಳಸಲಾಗಿತ್ತು. ಅದು ಅಂಕಿಗಳ ಎರಡು ಸಾಲುಗಳನ್ನು ಅದಲುಬದಲು ಮಾಡುತ್ತಿತ್ತು. ರಚನೆಗಳು ಎಡಗೈ ಬಲಗೈಯಾದಂತೆ ತಿರುಗಿಹೋಗಿದ್ದವು. 2006ರಲ್ಲಿ ತಪ್ಪು ಬಯಲಾಗಿ ಐದು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಮಾಡಿದವರು ಕುಟಿಲರಲ್ಲ, ಹತಾರವನ್ನು ಬಿಚ್ಚಿ ನೋಡಿದವರು ಯಾರೂ ಇರಲಿಲ್ಲ, ಅಷ್ಟೇ. ಮದ್ರಾಸಿನ ನಕ್ಷೆಯನ್ನಾದರೋ ಕಾಗದ, ಪೆನ್ಸಿಲು ಇದ್ದ ಯಾರು ಬೇಕಾದರೂ ಮರುಲೆಕ್ಕ ಹಾಕಬಹುದಿತ್ತು, ಹಾಕಿದರು ಕೂಡ.

ಮರಳಿ ಬೆಂಗಳೂರಿಗೆ

1970ರ ಸುಮಾರಿಗೆ ರಾಮಚಂದ್ರನ್ ಮದ್ರಾಸು ಬಿಟ್ಟರು. ಸತೀಶ್ ಧವನ್ ಆಗ ವಿಜ್ಞಾನ ಸಂಸ್ಥೆಯ ನಿರ್ದೇಶಕರು. ಅವರ ಆಹ್ವಾನದ ಮೇಲೆ ಬೆಂಗಳೂರಿಗೆ ಬಂದ ರಾಮಚಂದ್ರನ್ 1971ರಲ್ಲಿ ಅಲ್ಲಿ ಅಣುಜೀವ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಶಶಿಶೇಖರನ್, ರಾಮಕೃಷ್ಣನ್ ಕೂಡ ಬಂದು ಸೇರಿದರು. ಅದೇ ವರ್ಷ ಅವರು ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ಪ್ರಕಟಿಸಿದ ಗಣಿತ ವಿಧಾನವೊಂದು ಸಿ.ಟಿ. ಸ್ಕ್ಯಾನ್ ಯಂತ್ರಗಳು ಚಿತ್ರ ಕಟ್ಟುವ ಕ್ರಮಕ್ಕೆ ಮುಖ್ಯ ಆಧಾರಗಳಲ್ಲೊಂದಾಯಿತು. ನಮ್ಮ ನಿಮ್ಮಲ್ಲಿ ಎಷ್ಟೋ ಮಂದಿ ಆ ಯಂತ್ರದೊಳಗೆ ಮಲಗಿ ಬಂದಿದ್ದೇವೆ. ಈ ಇಬ್ಬರ ಹೆಸರು ಕೇಳಿದವರು ಎಷ್ಟು ಜನ?

ವಿಭಾಗಕ್ಕೆ ಬಂದ ತರುಣರಲ್ಲಿ ಎಂ. ವಿಜಯನ್ ಒಬ್ಬರು. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡದಲ್ಲಿ ಇನ್ಸುಲಿನ್ ರಚನೆಯ ಮೇಲೆ ದುಡಿದು ಬಂದವರು. ಇಲ್ಲಿ ಅವರು ಕೈಗೆತ್ತಿಕೊಂಡ ಪ್ರೋಟೀನುಗಳಲ್ಲಿ ಒಂದು ಬೆಂಗಳೂರಿಗರಿಗೆ ತೀರ ಹತ್ತಿರದ್ದು: ಕಡಲೆಕಾಯಿಯ ಲೆಕ್ಟಿನ್. ಲೆಕ್ಟಿನ್‌ಗಳು ಜೀವಕೋಶದ ಮೈಮೇಲಿನ ಸಕ್ಕರೆ ಅಣುಗಳನ್ನು ಗುರುತಿಸಿ ಅಂಟಿಕೊಳ್ಳುತ್ತವೆ. ಕಡಲೆಕಾಯಿಯದು ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ತೆರೆದುಕೊಳ್ಳುವ ಒಂದು ಸಕ್ಕರೆಯನ್ನು ಹಿಡಿಯುತ್ತದೆ. ಆದ್ದರಿಂದ ಅದೂ ಪ್ರಯೋಗಾಲಯದ ಹತಾರವೇ: ಕೋಶಗಳನ್ನು ವಿಂಗಡಿಸಲು, ಗುರುತಿಸಲು ಬಳಸುತ್ತಾರೆ. ಬಸವನಗುಡಿಯ ಪರಿಷೆಯಲ್ಲಿ ನಾವು ಸೇರುಗಟ್ಟಲೆ ಕೊಂಡು ಮೆಲ್ಲುವ ಕಾಯಿಯೊಳಗೆ ಇಂಥದೊಂದು ಸಾಧನವಿದೆ ಎಂದರೆ ಸೋಜಿಗವಲ್ಲವೆ? ಹತ್ತಕ್ಕೂ ಹೆಚ್ಚು ವರ್ಷಗಳ ದುಡಿಮೆಯ ನಂತರ 1994ರಲ್ಲಿ ಅದರ ರಚನೆ ಪ್ರಕಟವಾಯಿತು. ನಾಲ್ಕು ತುಂಡುಗಳು ಸೇರಿಕೊಂಡಿದ್ದ ರೀತಿ ಅದುವರೆಗೆ ಯಾರೂ ನಿರೀಕ್ಷಿಸದಂತಿತ್ತು.

ಇಷ್ಟು ಕಾಲ ಏಕೆ ಹಿಡಿಯಿತು? ಬುದ್ಧಿಗೆ ಕೊರತೆಯಿರಲಿಲ್ಲ, ಹತಾರಗಳಿಗೆ ಕೊರತೆಯಿತ್ತು. ಕ್ಷಕಿರಣ ಯಂತ್ರ, ವೇಗದ ಗಣಕ ಎಲ್ಲವೂ ಹೊರಗಿನಿಂದ ಬರಬೇಕು; ಅದಕ್ಕೆ ವಿದೇಶಿ ವಿನಿಮಯ ಬೇಕು; ಅದಕ್ಕೆ ಅರ್ಜಿ, ಅರ್ಜಿಗೆ ಟಿಪ್ಪಣಿ. ಕಾಗದದ ನಕ್ಷೆಗೆ ಇಲ್ಲದ ಸಂಕಷ್ಟ ಇಲ್ಲಿ ಎದುರಾಗುತ್ತದೆ. ಎಲ್ಲ ಹತಾರಗಳೂ ಅಂಚೆಯ ಲಕೋಟೆಯಲ್ಲಿ ಬರುವುದಿಲ್ಲ.

ಮಂಜಿನ ಪೆಟ್ಟಿಗೆ

ಡಿಎನ್‌ಎ ಕತ್ತರಿಸುವ ಕಿಣ್ವಗಳದೇ ಉದಾಹರಣೆ ನೋಡಿ. ಅವನ್ನು ಕಂಡುಹಿಡಿದದ್ದಕ್ಕೆ 1978ರಲ್ಲಿ ಮೂವರಿಗೆ ನೊಬೆಲ್ ಬಂತು. ಎಂಬತ್ತರ ದಶಕದಲ್ಲಿ ವಂಶವಾಹಿ ತಂತ್ರಜ್ಞಾನ ಮಾಡಬೇಕೆಂದ ಭಾರತದ ಯಾವ ಪ್ರಯೋಗಾಲಯಕ್ಕೂ ಅವು ಅನಿವಾರ್ಯ. ಅವನ್ನು ಕೊರೆಯುವ ತಂಪಿನಲ್ಲಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಡಬೇಕು. ಒಣ ಮಂಜುಗಡ್ಡೆ ತುಂಬಿದ ಪೆಟ್ಟಿಗೆ ಹೊರದೇಶದಿಂದ ಹೊರಟು ಸುಂಕದ ಕಟ್ಟೆಯಲ್ಲಿ ಕುಳಿತು ಕಾಗದಪತ್ರಗಳಿಗೆ ಕಾಯುವಷ್ಟರಲ್ಲಿ ಮಂಜು ಆವಿಯಾಗುತ್ತಿತ್ತು. ಅಂದು ಬೆಂಗಳೂರಿನ ವಿಮಾನ ನಿಲ್ದಾಣ ಇದ್ದದ್ದು ನಗರದ ಪೂರ್ವಕ್ಕೆ, ಎಚ್.ಎ.ಎಲ್. ಆವರಣದಲ್ಲಿ; 2008ರ ಮೇ ತಿಂಗಳವರೆಗೂ ಊರಿನ ಪ್ರಯಾಣಿಕ ವಿಮಾನಗಳೆಲ್ಲ ಇಳಿದದ್ದು ಅಲ್ಲೇ. ಅಲ್ಲಿಂದ ದೊಮ್ಮಲೂರು, ಹಲಸೂರು ದಾಟಿ ಪ್ರಯೋಗಾಲಯ ಸೇರಿದ ಪೆಟ್ಟಿಗೆಯನ್ನು ತೆರೆದಾಗ ಕಿಣ್ವ ಬದುಕಿದೆಯೋ ಸತ್ತಿದೆಯೋ ಎಂಬುದು ಆ ಕಾಲದ ಸಂಶೋಧಕರ ನಿತ್ಯದ ಆತಂಕ. ಬಹಳ ದಿನ ಕಾಯ್ದು, ಬಹಳ ಹಣ ತೆತ್ತು, ಸತ್ತ ಕಿಣ್ವದಿಂದ ಪ್ರಯೋಗ ಕೆಟ್ಟರೆ ವಿದ್ಯಾರ್ಥಿಯ ಒಂದು ವರ್ಷವೇ ಹೋದಂತೆ.

ಈ ಕೊರತೆಯೇ ಒಂದು ಉದ್ಯಮಕ್ಕೆ ಕಾರಣವಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಜೀವವಿಜ್ಞಾನಿಯಾಗಿದ್ದ ಪಿ. ಬಾಬು 1989ರಲ್ಲಿ ಬೆಂಗಳೂರು ಜೀನೈ ಎಂಬ ಕಂಪನಿಯನ್ನು ಆರಂಭಿಸಿದರು. ಕತ್ತರಿಸುವ ಕಿಣ್ವ, ಅಂಟಿಸುವ ಕಿಣ್ವ, ಕಾಲೇಜು ವಿದ್ಯಾರ್ಥಿಗಳು ಪ್ರಯೋಗ ಮಾಡಲು ಬೇಕಾದ ಸಾಮಗ್ರಿಗಳ ಪೊಟ್ಟಣ, ಇವು ಊರಲ್ಲೇ ತಯಾರಾಗತೊಡಗಿದವು. ಕಂಪನಿಯ ಒಡೆತನ ಮುಂದೆ ಕೈ ಬದಲಾಯಿಸಿತು. ಆದರೆ ಕಿಣ್ವ ಮಾಡುವ ವಿದ್ಯೆ ಸಂಶೋಧನಾ ಸಂಸ್ಥೆಯಿಂದ ಹೊರಬಂದು ಇತರ ಪ್ರಯೋಗಾಲಯಗಳ ಬಾಗಿಲಿಗೆ ತಲುಪಬೇಕಾದರೆ ನಡುವೆ ಯಾರೋ ಒಬ್ಬರು ಬಂಡವಾಳ ಹಾಕಿ, ತಂಪು ಕೋಣೆ ಕಟ್ಟಿ, ಲಾಭ ನಷ್ಟದ ಹೊಣೆ ಹೊರಬೇಕೆಂಬುದನ್ನು ಅದು ತೋರಿಸಿಕೊಟ್ಟಿತು.

ಬೇಲಿಯೂ ಬಯಲೂ

ಹಾಗಾದರೆ ವಿಶ್ವವಿದ್ಯಾನಿಲಯದ ಹತಾರಕ್ಕೆ ಬೇಲಿ ಬೇಕೆ, ಬೇಡವೆ? ಹೊರಗಿನ ಅನುಭವ ಎರಡು ಬಗೆಯದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಟ್ಯಾನ್ಲಿ ಕೋಹೆನ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಹರ್ಬರ್ಟ್ ಬಾಯರ್ 1973ರಲ್ಲಿ ವಂಶವಾಹಿಗಳನ್ನು ಕತ್ತರಿಸಿ ಅಂಟಿಸಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ವಿಧಾನ ತೋರಿಸಿದರು. ಸ್ಟ್ಯಾನ್‌ಫರ್ಡ್ ಅದಕ್ಕೆ ಪೇಟೆಂಟಿಗೆ ಅರ್ಜಿ ಹಾಕಿತು, 1980ರಲ್ಲಿ ದೊರೆಯಿತು. ಕಂಪನಿಗಳಿಗೆ ಪರವಾನಗಿ ಶುಲ್ಕ ವಿಧಿಸಿ, ಯಾವ ಒಂದು ಕಂಪನಿಗೂ ಏಕಸ್ವಾಮ್ಯ ಕೊಡದೆ, ವಿಶ್ವವಿದ್ಯಾನಿಲಯಗಳ ಸಂಶೋಧಕರನ್ನು ಶುಲ್ಕಕ್ಕಾಗಿ ಕಾಡದೆ ನಡೆಸಿದ ವ್ಯವಸ್ಥೆ ಅದು. 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ 25 ಕೋಟಿ ಡಾಲರಿಗೂ ಹೆಚ್ಚು ಹಣ ಬಂದಿತ್ತು. ಇನ್ನೊಂದು ಕಡೆ, ಕೇಂಬ್ರಿಜ್‌ನಲ್ಲಿ ಸೆಸಾರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ 1975ರಲ್ಲಿ ಏಕರೂಪದ ಪ್ರತಿಕಾಯಗಳನ್ನು ತಯಾರಿಸುವ ವಿಧಾನ ಪ್ರಕಟಿಸಿದರು. ಪೇಟೆಂಟ್ ಪಡೆಯಲಿಲ್ಲ. ವಿಧಾನ ಪ್ರಪಂಚಕ್ಕೆಲ್ಲ ಹರಡಿತು, ಇಬ್ಬರಿಗೂ 1984ರಲ್ಲಿ ನೊಬೆಲ್ ಬಂತು. ಹಣ ಬೇರೆಯವರಿಗೆ ಹೋಯಿತೆಂದು ಬ್ರಿಟನ್ನಿನಲ್ಲಿ ಬಹಳ ಕಾಲ ಗೊಣಗಾಟ ನಡೆಯಿತು.

1980ರಲ್ಲೇ ಅಮೆರಿಕ ಕಾನೂನು ಮಾಡಿ, ಸರ್ಕಾರಿ ಹಣದಿಂದ ನಡೆದ ಸಂಶೋಧನೆಗಳ ಪೇಟೆಂಟ್ ಹಕ್ಕನ್ನು ವಿಶ್ವವಿದ್ಯಾನಿಲಯಗಳೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಅದರ ಛಾಯೆಯಲ್ಲಿ ನಮ್ಮಲ್ಲೂ 2008ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. ಜನರ ತೆರಿಗೆಯಿಂದ ಮಾಡಿದ ಹತಾರಕ್ಕೆ ಜನರೇ ಮತ್ತೆ ಬೆಲೆ ತೆರಬೇಕೆ ಎಂದು ಹಲವರು ಕೇಳಿದರು. ಮಸೂದೆ ಕಾನೂನಾಗಲಿಲ್ಲ. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಇಂದು ಕೃಷ್ಣರಾಜಪುರದಾಚೆ ವೈಟ್‌ಫೀಲ್ಡ್ ಸುತ್ತಮುತ್ತ ಜೈವಿಕ ತಂತ್ರಜ್ಞಾನದ ಖಾಸಗಿ ಪ್ರಯೋಗಾಲಯಗಳು ಎದ್ದಿವೆ. ನಗರದ ಇನ್ನೊಂದು ಬದಿಯಲ್ಲಿ ಸರ್ಕಾರಿ ಹಣದ ಸಂಸ್ಥೆಗಳಿವೆ. ಒಂದೆಡೆ ಹುಟ್ಟಿದ ಹತಾರ ಇನ್ನೊಂದೆಡೆಗೆ ಯಾವ ಕರಾರಿನ ಮೇಲೆ ಹೋಗಬೇಕೆಂಬುದು ಈ ಊರಿಗೆ ಪುಸ್ತಕದ ಪ್ರಶ್ನೆಯಲ್ಲ.

ರಾಮಚಂದ್ರನ್ ತಮ್ಮ ನಕ್ಷೆಗೆ ಬೇಲಿ ಹಾಕದೆ ಔದಾರ್ಯ ತೋರಿದರೆಂದು ಹೊಗಳುವುದು ಸುಲಭ. ಅದು ಪೂರ್ತಿ ನಿಜವಲ್ಲ. ಗಣಿತದ ವಿಧಾನಕ್ಕೆ, ನಿಸರ್ಗದ ನಿಯಮಕ್ಕೆ ಪೇಟೆಂಟ್ ಸಿಗುವುದೂ ಇಲ್ಲ. ಅಂದಿನ ಮದ್ರಾಸಿನಲ್ಲಿ ಅಂಥ ಯೋಚನೆ ಯಾರ ತಲೆಗೂ ಬಂದಿರಲಿಕ್ಕಿಲ್ಲ. ಆದರೆ ಪರಿಣಾಮವನ್ನು ನೋಡಬೇಕು. ಐದು ಪುಟದ ಪ್ರಬಂಧ ಎಲ್ಲರಿಗೂ ಸಿಕ್ಕಿದ್ದರಿಂದಲೇ ಎಲ್ಲರೂ ಅದನ್ನು ಪರೀಕ್ಷಿಸಿದರು, ತಿದ್ದಿದರು, ತಮ್ಮ ಕ್ರಮವಿಧಿಗಳಲ್ಲಿ ಸೇರಿಸಿಕೊಂಡರು. ಬಳಸಿದಷ್ಟೂ ಅದರ ಬೆಲೆ ಏರಿತು. ಕಿಣ್ವದ ಮಾತು ಬೇರೆ. ಅದನ್ನು ಯಾರೋ ದಿನವೂ ತಯಾರಿಸಬೇಕು, ತಂಪಾಗಿಡಬೇಕು, ಸಾಗಿಸಬೇಕು, ಅದಕ್ಕೆ ಬೆಲೆ ಇರಲೇಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ನಕಲು ಮಾಡಲು ಖರ್ಚಿಲ್ಲದ, ನಾಲ್ಕು ಜನ ಪರೀಕ್ಷಿಸಿದಷ್ಟೂ ನಂಬಿಕೆ ಹೆಚ್ಚುವ ಹತಾರ ಬಯಲಲ್ಲಿರಲಿ. ತಯಾರಿಸಲು ಕಾರ್ಖಾನೆಯೇ ಬೇಕಾದ ಹತಾರಕ್ಕೆ ಕಂಪನಿಯಿಂದ ಶುಲ್ಕ ಪಡೆಯಲಿ. ಆದರೆ ಪಾಠ ಹೇಳುವವರಿಗೂ ಸಂಶೋಧನೆ ಮಾಡುವವರಿಗೂ ಅದರ ಬಾಗಿಲು ತೆರೆದಿರಲಿ. ಈ ಭೇದ ಕಾಣದ ಕಾನೂನು ಯಾವುದೇ ಇರಲಿ, ಸಣ್ಣ ಊರಿನ ಸಣ್ಣ ಕಾಲೇಜಿನ ಪ್ರಯೋಗಾಲಯವನ್ನೇ ಮೊದಲು ಮುಚ್ಚಿಸುತ್ತದೆ.

ರಾಮಚಂದ್ರನ್ 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್‌ಸನ್ ರೋಗ ಅವರನ್ನು ಕಾಡಿತ್ತು. ವಿಜಯನ್ 2022ರಲ್ಲಿ ನಿಧನರಾದರು. ಜೀವರಸಾಯನದ ಪಠ್ಯಪುಸ್ತಕ ತೆರೆದ ವಿದ್ಯಾರ್ಥಿ ಮಾತ್ರ ಇಂದಿಗೂ ಮೊದಲ ಕೆಲವು ಅಧ್ಯಾಯಗಳಲ್ಲೇ ಆ ಚೌಕ ನಕ್ಷೆಯನ್ನು ಕಾಣುತ್ತಾನೆ. ಪುಸ್ತಕ ಬಾಸ್ಟನ್ನಿನಲ್ಲಿ ಅಚ್ಚಾಗಿರಲಿ, ಬೆಂಗಳೂರಿನಲ್ಲಿ ಅಚ್ಚಾಗಿರಲಿ, ಅದರ ಕೆಳಗೆ ಅಚ್ಚಾಗಿರುವ ಹೆಸರು ಒಂದೇ. ಅದನ್ನು ಬಳಸಲು ಅವನು ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಸುಂಕದ ಕಟ್ಟೆಯಲ್ಲಿ ಅದು ಕರಗಿಹೋಗುವ ಭಯವೂ ಇಲ್ಲ.